ಭೋಳೆ ಹುಡುಗ, ಇಲ್ಲದ ಎತ್ತು

ನಮ್ಮ ಕಡೆ ಒಬ್ಬನನ್ನು ಭೋಳೆ ಎಂದುಬಿಟ್ಟರೆ ಅವನ ಬಗ್ಗೆ ಹೇಳಬೇಕಾದದ್ದೆಲ್ಲ ಮುಗಿಯಿತು. ಹೇಳಿದವರು ಚಹಾ ಕುಡಿಯಲು ಹೊರಡುತ್ತಾರೆ, ಕೇಳಿದವರು ತಲೆಯಾಡಿಸುತ್ತಾರೆ. ನಾನು ಮಾತ್ರ ಆ ಮಾತಿನಲ್ಲೇ ಸಿಕ್ಕಿಕೊಂಡು ಒದ್ದಾಡುತ್ತೇನೆ. ಹೊಗಳಿದರೋ, ಬೈದರೋ, ಮರುಗಿದರೋ? ಯಾರು ಏನು ಹೇಳಿದರೂ ಹೌದೆನ್ನುವವನು, ಮಾತಿನ ಹಿಂದೆ ಇನ್ನೊಂದು ಮಾತು ಇರಬಹುದೆಂದು ತಿರುಗಿ ನೋಡದವನು ಭೋಳೆ. ಕೇಳಿದ ಕೂಡಲೇ ವರ ಕೊಡುವ ಶಿವನೂ ಭೋಳೆ, ಯಾರು ಹಿಂಡಲು ಕೂತರೂ ಹಾಲು ಬಿಡುವ ಎಮ್ಮೆಯೂ ಭೋಳೆ. ಸೊಸೆಯನ್ನು ಹಾಗೆಂದರೆ ಅತ್ತೆಗೆ ಖುಷಿ. ಮಗನನ್ನು ಹಾಗೆಂದರೆ ತಾಯಿಯ ಮುಖ ಸಣ್ಣದಾಗುತ್ತದೆ.

ಕಲಬುರಗಿಯಲ್ಲಿ ಎಂ.ಎ. ಓದುವಾಗ ಈ ಮಾತನ್ನು ಬಿಡಲು ನೋಡಿದೆ. ಪುಸ್ತಕಗಳಲ್ಲಿ ‘ಮುಗ್ಧ’ ಇತ್ತು. ಆದರೆ ಮುಗ್ಧ ಎಂದಾಗ ತೊಟ್ಟಿಲ ಕೂಸು ಕಣ್ಣಿಗೆ ಬರುತ್ತದೆ. ಮೀಸೆ ಹೊತ್ತು ಗಳೆ ಹೊಡೆದು ಹೊಲ ಉಳುವ ಮನುಷ್ಯನಿಗೆ ಅದು ಹೊಂದುವುದಿಲ್ಲ. ‘ನಂಬಿಗಸ್ತ’ ಎಂದರೆ ನಾವು ನಂಬಬಹುದಾದವನು. ಅವನು ನಮ್ಮನ್ನು ನಂಬುತ್ತಾನೋ ಇಲ್ಲವೋ ಆ ಮಾತು ಹೇಳುವುದಿಲ್ಲ. ಹೀಗೆ ಸುತ್ತಿ ಸುತ್ತಿ ಮತ್ತೆ ಭೋಳೆಗೇ ಬರುತ್ತಿದ್ದೆ. ಬಂದಾಗಲೆಲ್ಲ ಕಣ್ಣ ಮುಂದೆ ನಿಲ್ಲುತ್ತಿದ್ದವರು ಒಬ್ಬರೇ, ನನ್ನ ಅಕ್ಕನ ಗಂಡ.

ಅಕ್ಕನನ್ನು ಜೇವರ್ಗಿಗೆ ಕೊಟ್ಟು ಬಹಳ ವರ್ಷವಾಯಿತು. ಭಾವ ಮತ್ತು ಅವರ ತಮ್ಮ ಬೇರೆಯಾದಾಗ ಹೊಲದ ವಾಟ್ನಿ ಆಯಿತು, ಅಂದರೆ ಪಾಲು. ಭಾವ ಹಗ್ಗ ಹಿಡಿಯಲಿಲ್ಲ, ಅಳೆಯಲಿಲ್ಲ. ಗಡಿಗೆ ನೆಡುವ ಕಲ್ಲನ್ನು ತಮ್ಮನ ಕೈಗೇ ಕೊಟ್ಟು, "ನೀನೇ ನೋಡಿ ಹಾಕಪಾ," ಎಂದರು. ತಮ್ಮ ನೋಡಿಯೇ ಹಾಕಿದ. ಬಾವಿ, ಬಾವಿಯ ದಂಡೆಯ ಬೇವಿನ ಮರ, ಕೆಳಗಿನ ಕರಿ ಎರೆ, ಎಲ್ಲ ಆ ಕಡೆ ಹೋದವು. ಮೇಲಿನ ಕಲ್ಲು ಹೊಲ ಈ ಕಡೆ ಉಳಿಯಿತು. ಇವತ್ತಿಗೂ ಬೇಸಿಗೆಯಲ್ಲಿ ದನಕ್ಕೆ ನೀರು ಬೇಕಾದರೆ ಅಕ್ಕ ಮೈದುನನ ಹೆಂಡತಿಯನ್ನು ಕೇಳಿ ಹೋಗಬೇಕು.

"ಇಲ್ಲ ಅನ್ನಂಗಿಲ್ಲ ಆಕಿ," ಎನ್ನುತ್ತಾಳೆ ಅಕ್ಕ. "ಖರೇ, ನಾ ಕೇಳಬೇಕಲ್ಲ, ಅದು."

ಆ ದಿನ ನಾನು ಅಲ್ಲಿದ್ದೆ. ಬದುವಿನ ಮೇಲೆ ನಿಂತಿದ್ದೆ. ಚಪ್ಪಲಿ ತೂರಿ ಜಾಲಿ ಮುಳ್ಳು ಹಿಮ್ಮಡಿಗೆ ಹೊಕ್ಕಿತ್ತು. ಒಂಟಿ ಕಾಲಿನ ಮೇಲೆ ನಿಂತೇ ಭಾವನ ಆ ಮಾತು ಕೇಳಿದೆ. ಯಾರನ್ನೂ ಹೀಗೆ ನಂಬಬಾರದು ಎಂದು ಅಲ್ಲೇ ನಿಶ್ಚಯ ಮಾಡಿಕೊಂಡೆ. ಮುಂದೆ ಆಳಂದದ ಕಾಲೇಜಿನಲ್ಲಿ ಇತಿಹಾಸ ಕಲಿಸತೊಡಗಿದಾಗ, ಯಾರು ಏನು ಹೇಳಿದರೂ "ಆಧಾರ ಏನು?" ಎಂದು ಕೇಳುವ ಚಟ ಹತ್ತಿತು. ಅದು ಹತ್ತಿದ್ದು ಆ ಬದುವಿನ ಮೇಲೆ ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಅಕ್ಕನ ಮಗಳು ನನಗೆ ‘ಆಧಾರ್ ಮಾಮಾ’ ಎಂದೇ ಹೆಸರಿಟ್ಟಿದ್ದಾಳೆ. ಆಧಾರ್ ಕಾರ್ಡು ಇಲ್ಲದಿದ್ದರೆ ಮಾಮಾ ದೇವರನ್ನೂ ಒಳಗೆ ಬಿಡುವುದಿಲ್ಲ ಎಂದು ಎಲ್ಲರೆದುರು ನಗಿಸುತ್ತಾಳೆ.

ಹೋದ ಸುಗ್ಗಿಯ ಹೊತ್ತಿಗೆ ಅಕ್ಕ ಫೋನು ಮಾಡಿದಳು.

"ಅಫಜಲಪುರ ಕಡೆದೊಂದು ಮಾತು ಬಂದದ, ಹುಡುಗಿ ಸಲುವಾಗಿ. ನೀ ಹೋಗಿ ಚೌಕಾಶಿ ಮಾಡ್ಕೊಂಡ ಬಾ."

ಚೌಕಾಶಿ ಎಂದರೆ ವಿಚಾರಣೆ. ಹೆಣ್ಣು ನೋಡಲು ಬನ್ನಿ ಎಂದು ಗಂಡಿನ ಕಡೆಯವರನ್ನು ಕರೆಯುವ ಮೊದಲು ಹೆಣ್ಣಿನ ಕಡೆಯವರೊಬ್ಬರು ಗುರುತು ಹೇಳದೆ ಆ ಊರಿಗೆ ಹೋಗಬೇಕು. ಚಹದಂಗಡಿ, ಹಿಟ್ಟಿನ ಗಿರಣಿ, ಕ್ಷೌರದಂಗಡಿಗಳಲ್ಲಿ ಕೂತು, ಬೇರೆ ಏನನ್ನೋ ಕೇಳುತ್ತ ಹುಡುಗನ ಬಗ್ಗೆ ತಿಳಿದುಕೊಳ್ಳಬೇಕು. ಆ ಬೇರೆ ಏನೋ ನಮ್ಮ ಮನೆಯಲ್ಲಿ ಯಾವಾಗಲೂ ಎತ್ತು. "ಎತ್ತು ನೋಡಾಕ ಬಂದೇನಿ," ಎಂದು ಹೋದರೆ ಯಾರ ಕೊಟ್ಟಿಗೆಗಾದರೂ ಹೊಕ್ಕು ಬರಬಹುದು. ಅಪ್ಪ ಅಕ್ಕನ ಸಲುವಾಗಿ ಜೇವರ್ಗಿಗೆ ಹೋದದ್ದೂ ಹೀಗೆಯೇ. ತಿರುಗಿ ಬಂದು ತಲೆಯ ಪಟಗ ಬಿಚ್ಚುತ್ತ, "ಹುಡುಗ ಭೋಳೆ ಅದಾನ," ಎಂದರು. ಅವತ್ತು ಮನೆಯಲ್ಲಿ ಅದು ಸಿಹಿ ಸುದ್ದಿಯಾಗಿತ್ತು. ಅವ್ವ ಸಜ್ಜಕ ಮಾಡಿದ್ದಳು.

"ಒಂದ ಮಾತ ಹೇಳಿರತೇನಿ," ಎಂದಳು ಅಕ್ಕ. "ಬಡವ ಇರ್ಲಿ, ಕರಿ ಇರ್ಲಿ, ಸಿಟ್ಟಿನವ ಇದ್ರೂ ನಡೀತದ. ಭೋಳೆ ಮಾತ್ರ ಬ್ಯಾಡ. ನನ್ನ ಜಲ್ಮ ಆ ಬಾವಿ ದಂಡಿ ಮ್ಯಾಲ ಹೋತು. ನನ್ನ ಮಗಳಿಗಿ ಅದು ಬ್ಯಾಡ."

"ಆತು," ಎಂದೆ.

ಫೋನು ಮಗಳ ಕೈಗೆ ಹೋಯಿತು. ಅವಳು ಯಡ್ರಾಮಿಯ ಶಾಲೆಯಲ್ಲಿ ಕಲಿಸುತ್ತಾಳೆ, ಜೇವರ್ಗಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಹೋದ ವರ್ಷ ಅವಳಿಗೊಂದು ನಿಶ್ಚಯವಾಗಿತ್ತು. ಆ ಹುಡುಗ ಅವಳು ಬಸ್ಸು ಹತ್ತುವುದನ್ನೇ ಕಾಯ್ದು ವಿಡಿಯೊ ಕಾಲ್ ಮಾಡುತ್ತಿದ್ದ. ಪಕ್ಕದಲ್ಲಿ ಯಾರು ಕೂತಿದ್ದಾರೆ, ತೋರಿಸು ಎನ್ನುತ್ತಿದ್ದ. ಒಂದು ದಿನ ಪಕ್ಕದಲ್ಲಿ ಕೋಳಿ ಹಿಡಿದುಕೊಂಡು ಕೂತಿದ್ದ ಮುದುಕಿಯನ್ನು ತೋರಿಸಿದಳು. ಅವನು ಅವಳ ಆಚೆ ಯಾರಿದ್ದಾರೆ ಎಂದ. ಕೋಳಿಯನ್ನೇ ಫೋನಿನ ಹತ್ತಿರ ಹಿಡಿದು, "ಇದನ್ನ ಕೇಳ್ಕೋ," ಎಂದಳಂತೆ. ಆ ವಾರವೇ ಅವರು ಕೊಟ್ಟ ಸೀರೆ, ಉಂಗುರ ತಿರುಗಿ ಹೋದವು.

ಈಗ ಅವಳು ದನಿ ಇಳಿಸಿ ಮಾತನಾಡಿದಳು. ಅಂಗಳಕ್ಕೆ ಬಂದಿರಬೇಕು.

"ಮಾಮಾ, ನೌಕರಿ, ಹೊಲ, ಮನಿ ಎಲ್ಲಾ ಅವ್ವನ ಸಲುವಾಗಿ ನೋಡು. ನನ್ನ ಸಲುವಾಗಿ ಒಂದ ನೋಡ್ಕೊಂಡ ಬಾ. ನಾ ಹೇಳಿದ್ದನ್ನ ನಂಬತಾನೇನು?"

"ಅದನ್ನ ಹ್ಯಾಂಗ ನೋಡೂದಬೇ?"

"ನೀ ಎಂ.ಎ. ಓದೀದಿ. ಏನರೆ ಮಾಡು."

ತಾಯಿಗೆ ನಂಬುವವನು ಬೇಡ, ಮಗಳಿಗೆ ನಂಬದವನು ಬೇಡ. ನಡುವೆ ಯಾರನ್ನೂ ನಂಬದ ನಾನು. ಮರುದಿನ ಆಳಂದದಲ್ಲಿ ಬಸ್ಸು ಹತ್ತಿದಾಗಿನಿಂದ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿ ತೆರೆದೆ, ಮುಚ್ಚಿದೆ. ತೊಗರಿ ಕೊಯ್ದ ಹೊಲಗಳು ಹೋದವು. ಭೀಮೆಯ ಕಡೆ ಬಂದಂತೆ ಕಬ್ಬು ಹೆಚ್ಚಿತು, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಯಾವ ಊರಿನವನು ಎಂದರೆ ಖಜೂರಿ ಎನ್ನುವುದು ಎಂದು ಗಟ್ಟಿ ಮಾಡಿಕೊಂಡೆ. ಅದು ಮಹಾರಾಷ್ಟ್ರದ ಹಾದಿಯ ಗಡಿ ಊರು. ಅಷ್ಟು ದೂರದವನ ಗುರುತು ಯಾರಿಗೆ ಸಿಗುತ್ತದೆ?

ಅಫಜಲಪುರದಲ್ಲಿ ಇಳಿದು, ನದಿಯ ಕಡೆಯ ಆ ಹಳ್ಳಿಗೆ ಟಂಟಂ ಹಿಡಿದು ಹೋದೆ. ಹಳ್ಳಿಯ ಚಹದಂಗಡಿಯಲ್ಲಿ ಕೂತು, ಕೆಮ್ಮಿ, ಮಾತು ತೆಗೆದೆ.

"ಊರಾಗ ಛಲೋ ಎತ್ತ ಯಾರ ಮನ್ಯಾಗ ಅದಾವ್ರಿ?"

ಅಂಗಡಿಯವನು ಚಹಾ ಸೋಸುವುದನ್ನು ನಿಲ್ಲಿಸಿ ನನ್ನ ಇಸ್ತ್ರಿ ಅಂಗಿಯನ್ನು ನೋಡಿದ. ಕಟ್ಟೆಯ ಮೇಲಿದ್ದವರು ಬೀಡಿ ಕೆಳಗಿಳಿಸಿದರು.

"ಎತ್ತ ಬೇಕೇನ್ರಿ? ಎಲ್ಲಾರೂ ಟ್ರ್ಯಾಕ್ಟರ್ ಇಟ್ಟಾರಲ್ರಿ ಈಗ," ಎಂದ ಅಂಗಡಿಯವನು. "ಊರಾಚಿ ಆ ನೀಲಿ ಬಾಗಿಲ ಮನ್ಯಾಗ ಒಂದ ಜೋಡಿ ಅದಾವ. ಹುಡುಗ ಭೋಳೆ ಅದಾನ್ರಿ."

"ನಾ ಎತ್ತ ಕೇಳಿದ್ನಿ."

"ಎತ್ತೂ ಭೋಳೆ ಅದಾವ್ರಿ," ಎಂದ. ಕಟ್ಟೆಯ ಮೇಲಿನವರು ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಕೂಡಲೇ ತಿಳಿಯಿತು.

ಗಿರಣಿಯಲ್ಲಿ ಜೋಳ ಹಾಕಿಸುತ್ತಿದ್ದ ಹೆಂಗಸು ನಾನು ಬಾಯಿ ತೆರೆಯುವ ಮೊದಲೇ, "ಎತ್ತ ನೋಡಾಕ ಬಂದೀರೇನ್ರಿ?" ಎಂದಳು. ಸುದ್ದಿ ನನಗಿಂತ ಮುಂದೆ ನಡೆದಿತ್ತು. "ಕುಡಿಯಂಗಿಲ್ರಿ. ಇಸ್ಪೇಟ್ ಆಡಂಗಿಲ್ರಿ. ಬಾಳ ಭೋಳೆ. ತಾಯಿ ತಟಗ ಹುಷಾರ, ಖಬರದಾರ ಅದಾಳ."

"ಎತ್ತಿನ ತಾಯೇನ್ರಿ?" ಎಂದೆ, ಕೊನೆಯ ಹಟದಿಂದ.

"ಹೌದ್ರಿ, ಎತ್ತಿನ ತಾಯಿ," ಎಂದು ಹಿಟ್ಟು ಮೆತ್ತಿದ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನಮ್ಮ ಮನೆಗಷ್ಟೇ ಗೊತ್ತು ಎಂದುಕೊಂಡಿದ್ದ ಯುಕ್ತಿ ಊರಿಗೆ ಊರೇ ಗೊತ್ತಿದ್ದದ್ದು. ಮದುವೆ ವಯಸ್ಸಿನ ಹುಡುಗನಿರುವ ಊರಿಗೆ ಇಸ್ತ್ರಿ ಅಂಗಿಯವನೊಬ್ಬ ಎತ್ತು ಕೇಳುತ್ತ ಬಂದರೆ ಏನು ಎಂದು ಆ ಗಿರಣಿಯ ಹೆಂಗಸಿಗೂ ಗೊತ್ತು. ತಿರುಗಿ ಹೋಗಿಬಿಡಬೇಕೆಂದುಕೊಂಡೆ. ಅಷ್ಟರಲ್ಲಿ ಮೋಟಾರ್ ಸೈಕಲ್ ಬಂದು ನಿಂತಿತು.

"ಶರಣ್ರೀ ಕಾಕಾ. ಎತ್ತ ಬೇಕಂತಲ್ರಿ?"

ಅವನೇ. ಅಕ್ಕ ಕಳಿಸಿದ ಫೋಟೊದಲ್ಲಿದ್ದದ್ದಕ್ಕಿಂತ ಕಪ್ಪಗಿದ್ದ, ಕಿವಿ ದೊಡ್ಡವು. ನಾನು ಅವನ ಮುಖವನ್ನೇ ನೋಡಿದೆ. ನಗು ಅಡಗಿಸಿಕೊಂಡಿದ್ದಾನೋ ಎಂದು ಬಾಯಿಯ ಮೂಲೆ, ಕಣ್ಣಿನ ಮೂಲೆ ಎಲ್ಲ ಹುಡುಕಿದೆ. ಇರಲಿಲ್ಲ. ಇಡೀ ಊರಿನಲ್ಲಿ ನನ್ನನ್ನು ನಂಬಿದವನು ಅವನೊಬ್ಬನೇ.

"ನಮ್ಮವು ಮಾರೂವಲ್ರಿ, ಅವ್ವ ಕೊಡಂಗಿಲ್ಲ. ಹಂಗಂತ ಸುಮ್ನ ಹೋಗಬ್ಯಾಡ್ರಿ, ಹುಡುಕೂಣು. ಕೂಡ್ರಿ ಹಿಂದ. ಯಾವ ಊರ್ರಿ?"

"ಖಜೂರಿ."

"ಅಯ್ಯ, ಅಷ್ಟ ದೂರಿಂದ! ಹೊಲ ಎರೀನೋ ಮಸಾರೀನೋ?"

"ಎರಿ," ಎಂದೆ. ಎರೆಯೋ ಕೆಮ್ಮಣ್ಣೋ ನನಗೇನು ಗೊತ್ತು? ನನಗೆ ಹೊಲವೇ ಇಲ್ಲ.

"ಹಂಗಾದ್ರ ಮೈಗಟ್ಟಿ ಎತ್ತೇ ಬೇಕು," ಎಂದು ಅವನು ಗಂಭೀರನಾದ.

ಮಧ್ಯಾಹ್ನದವರೆಗೆ ನನ್ನನ್ನು ಹಿಂದೆ ಕೂರಿಸಿಕೊಂಡು ಕೊಟ್ಟಿಗೆಯಿಂದ ಕೊಟ್ಟಿಗೆಗೆ, ಆ ಊರಿನಿಂದ ಮುಂದಿನ ಊರಿಗೆ ಒಯ್ದ. ಪ್ರತಿ ಎತ್ತಿನ ತುಟಿ ಬಿಡಿಸಿ ಹಲ್ಲು ನೋಡಿದ, ಗೊರಸು ಎತ್ತಿ ನೋಡಿದ. ಹರೆಯದ್ದು ಎಂದ ಮಾಲೀಕನಿಗೆ, "ಕಾಕಾ, ಹಲ್ಲ ಬ್ಯಾರೇನೇ ಹೇಳಾಕತ್ತಾವಲ್ಲ," ಎಂದು ಮುಖದ ಮೇಲೆ ಹೇಳಿ ನನ್ನನ್ನು ಹೊರಗೆ ಕರೆತಂದ. ದಡ್ಡನಲ್ಲ ಎಂಬುದು ಅಲ್ಲಿಗೆ ಖಾತ್ರಿಯಾಯಿತು. ಹಾಗಾದರೆ ನನ್ನನ್ನು ಯಾಕೆ ನೋಡುವುದಿಲ್ಲ? ಎತ್ತಿನ ಬಾಯಿ ಬಿಡಿಸುವವನು ನನ್ನ ಬಾಯಿಯನ್ನು ಯಾಕೆ ಹಾಗೇ ಬಿಟ್ಟ?

ಅಕ್ಕನ ಮಗಳ ಪ್ರಶ್ನೆ ತಲೆಯಲ್ಲಿ ಕುಟ್ಟುತ್ತಿತ್ತು. ಪರೀಕ್ಷಿಸಿ ನೋಡೋಣವೆಂದು ನಾನು ಸುಳ್ಳನ್ನು ದೊಡ್ಡದು ಮಾಡುತ್ತ ಹೋದೆ. ಎಲ್ಲಿ ನಿಲ್ಲಿಸುತ್ತಾನೋ ನೋಡಬೇಕಿತ್ತು. ಮನೆಯಲ್ಲಿ ಮೊದಲು ಒಂದು ಜೋಡಿ ಇತ್ತು ಎಂದೆ. ಅವನು ಹೌದೇನ್ರಿ ಎಂದ. ಊರಿಗೆಲ್ಲ ಹೆಸರಾಗಿತ್ತು ಎಂದೆ. ಇರಬೇಕ್ರಿ ಎಂದ. ಅದರಲ್ಲೊಂದು ಹಾವು ಕಡಿದು ಸತ್ತಿತು ಎಂದೆ.

ಅವನು ಗಾಡಿ ನಿಲ್ಲಿಸಿದ. ಎರಡೂ ಕಡೆ ಆಳೆತ್ತರ ಕಬ್ಬು. ಹಿಂದಕ್ಕೆ ತಿರುಗಿ ನನ್ನನ್ನು ನೋಡಿದ. ಸಿಕ್ಕಿಬಿದ್ದೆ ಎಂದುಕೊಂಡೆ, ನಿಜ ಹೇಳಬೇಕೆಂದರೆ ಹಾಯೆನಿಸಿತು.

"ಇನ್ನೊಂದು ಹ್ಯಾಂಗ ಅದ್ರಿ?" ಎಂದ.

"ಯಾವುದು?"

"ಜೋಡಿದ್ರಿ. ಉಳದದ್ದು. ಮೇವ ತಿನ್ನಾಕತ್ತದೇನು?"

ಇಲ್ಲದ ಎತ್ತನ್ನು ಕೊಂದದ್ದು ಸಲೀಸಾಗಿತ್ತು. ಉಳಿದ ಎತ್ತಿನ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಅವನು ಕಾಯುತ್ತಿದ್ದ.

"ಸ್ವಲ್ಪ ಸ್ವಲ್ಪ," ಎಂದೆ.

"ಸತ್ತದ್ದರ ಖಾಲಿ ಮೇವಿನ ಗ್ವಾದ್ಲಿ ಕಡೆ ಅದರ ಮಾರಿ ಮಾಡಿ ಕಟ್ಟಬ್ಯಾಡ್ರಿ," ಎಂದು ಗಾಡಿ ಚಾಲೂ ಮಾಡಿದ. ನಾನು ಹಿಂದಿನ ಕಬ್ಬಿಣದ ಹಿಡಿಕೆ ಹಿಡಿದು ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಬದಲಿಸುತ್ತ ಕೂತೆ.

ಊಟದ ಹೊತ್ತಿಗೆ ಬಿಡದೆ ಮನೆಗೆ ಕರೆದೊಯ್ದ. ಅವನ ತಾಯಿ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಹಾಕಿದರು. ನಾನು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅವರ ಎತ್ತುಗಳನ್ನು ನೋಡುವಾಗ ಒಂದು ತಲೆ ಕೊಡವಿತು. ನಾನು ಹಿಂದಕ್ಕೆ ಜಿಗಿದೆ. ತಾಯಿ ಅದನ್ನು ನೋಡಿದರು. ಹೊರಡುವಾಗ ಹುಡುಗ ನಂಬರು ಕೇಳಿದ, ಜೋಡಿ ಸಿಕ್ಕರೆ ತಿಳಿಸಲು. ಒಂದಂಕಿ ತಪ್ಪು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಯಾಕೋ ಸರಿಯಾದದ್ದನ್ನೇ ಹೇಳಿದೆ.

ಕಲಬುರಗಿಯಲ್ಲಿ ಬಸ್ಸು ಬದಲಿಸಿ ಜೇವರ್ಗಿಯ ಕಡೆ ಹೋಗುವಾಗ ಅಕ್ಕನಿಗೆ ಏನು ಹೇಳುವುದೆಂದು ಮಾತುಗಳನ್ನು ಜೋಡಿಸಿದೆ, ಕೆಡವಿದೆ. ಒಳ್ಳೆಯವನು ಎನ್ನಬಹುದು. ಸರಳ ಎನ್ನಬಹುದು. ಇಡೀ ಊರು ಕೊಟ್ಟ ಮಾತನ್ನು ಮಾತ್ರ ಬಾಯಿಂದ ಬಿಡಬಾರದು. ಬಿಟ್ಟರೆ ಮದುವೆಯ ಮಾತು ಅಲ್ಲಿಗೇ ನಿಂತಂತೆ.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆ. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಭಾವ ಗೋಡೆಗೊರಗಿ ಕೂತಿದ್ದರು. ಮಗಳು ಮೂಲೆಯಲ್ಲಿ ಶಾಲೆಯ ಉತ್ತರಪತ್ರಿಕೆ ತಿದ್ದುತ್ತಿದ್ದಳು, ಅಥವಾ ತಿದ್ದುವಂತೆ ಕಾಣಿಸುತ್ತಿದ್ದಳು.

"ಹ್ಯಾಂಗ ಅದಾನ?" ಎಂದಳು ಅಕ್ಕ. "ಲೆಕ್ಚರ್ ಬ್ಯಾಡ. ಒಂದ ಮಾತಿನಾಗ ಹೇಳು."

ಬಸ್ಸಿನಲ್ಲಿ ಜೋಡಿಸಿದ ಮಾತೆಲ್ಲ ಎಲ್ಲಿ ಹೋದವೋ.

"ಭೋಳೆ ಅದಾನ," ಎಂದೆ.

ರೊಟ್ಟಿಯ ಸಪ್ಪಳ ನಿಂತಿತು.

"ಹಂಗಾದ್ರ ಮುಗೀತು," ಎಂದಳು ಅಕ್ಕ. ಮತ್ತೆ ಬಡಿಯತೊಡಗಿದಳು, ಮೊದಲಿಗಿಂತ ಜೋರಾಗಿ. "ಅವರಿಗಿ ಬ್ಯಾಡ ಅಂತ ಹೇಳ್ರಿ. ಮತ್ತೊಬ್ಬಾಕಿ ಬಾವಿ ದಂಡೀಗಿ ನೀರ ಕೇಳಾಕ ಹೋಗೂದು ಬ್ಯಾಡ."

ಮಗಳ ಪೆನ್ನು ನಿಂತದ್ದನ್ನು ನೋಡಿ ನನಗೆ ಸುಮ್ಮನಿರಲಾಗಲಿಲ್ಲ.

"ಯಕ್ಕಾ, ಭಾವನೋರ ಮಾತ ಬ್ಯಾರೆ. ಅವತ್ತ ನಾನೇ ನಿಂತ ನೋಡೀನಲ್ಲ. ಅವರು ಕಲ್ಲ ತಮ್ಮನ ಕೈಯಾಗ ಕೊಟ್ಟಾಗ..."

"ನೀ ನೋಡಿದಿ?" ಅಕ್ಕ ತಿರುಗಿದಳು. "ನೀ ಎಲ್ಲಿದ್ದಿ ಅವತ್ತ? ನೀ ಕಲಬುರಗ್ಯಾಗ ಪರೀಕ್ಷಾ ಬರ್ಯಾಕತ್ತಿದ್ದಿ. ಅಪ್ಪನೂ ಬಂದಿರಲಿಲ್ಲ. ನಮ್ಮ ಕಡೆದವರು ಒಬ್ಬರೂ ಇರ್ಲಿಲ್ಲ, ಅದಕ್ಕೇ ಹಂಗಾತು!"

"ಬದುವಿನ ಮ್ಯಾಲ ನಿಂತಿದ್ದೆ. ಕಾಲಾಗ ಜಾಲಿಮುಳ್ಳು..."

"ಮುಳ್ಳ ನನ್ನ ಕಾಲಾಗ ನಟ್ಟಿತ್ತಲೇ. ದೀಪಾವಳಿಗಿ ತವರಿಗಿ ಬಂದಾಗ ನಿನಗ ಹೇಳೇನಿ."

ನಾನು ಭಾವನ ಕಡೆ ನೋಡಿದೆ. ಆಧಾರ ಬೇಕಿತ್ತು.

"ಭಾವಾ, ನಾ ಇದ್ದೆನೋ ಇಲ್ಲೋ?"

ಭಾವ ತುಸು ಯೋಚಿಸಿದರು. "ಯಾರ್ಯಾರ ಇದ್ರೋ ನೆಪ್ಪಿಲ್ಲಪಾ. ಬದನಿ ಎಣ್ಣಿಗಾಯಿ ಛಲೋ ಆಗಿತ್ತು ಅವತ್ತ ಊಟಕ್ಕ."

"ಎಣ್ಣಿಗಾಯಿ!" ಎಂದಳು ಅಕ್ಕ. "ನೋಡು ಇವರ್ನ. ಬಾವಿ ಹೋತು, ಎಣ್ಣಿಗಾಯಿ ಉಳೀತು."

ಹಿಮ್ಮಡಿಯನ್ನು ಮುಟ್ಟಿ ನೋಡಿಕೊಂಡೆ, ಅಲ್ಲಿ ಏನಾದರೂ ಸಿಗುತ್ತದೆಂಬಂತೆ. ಆ ಬದು ನನಗೆ ಈಗಲೂ ಕಾಣುತ್ತದೆ. ಬೇವಿನ ನೆರಳು ಯಾವ ಕಡೆ ಬಿದ್ದಿತ್ತು, ಭಾವನ ಧೋತರದ ಚುಂಗು ಹೇಗೆ ಹಾರುತ್ತಿತ್ತು, ಎಲ್ಲ ಹೇಳಬಲ್ಲೆ. ಅಕ್ಕ ಹಬ್ಬಕ್ಕೆ ಬಂದು ಅಳುತ್ತ ಹೇಳಿದ್ದನ್ನು ಕೇಳಿಯೇ ಇಷ್ಟೂ ಕಂಡಿತೆ? ಹಾಗಾದರೆ ಅವಳ ಮಾತನ್ನು ಎಷ್ಟು ನಂಬಿರಬೇಕು ನಾನು! ಒಂದು ಪ್ರಶ್ನೆಯನ್ನೂ ಕೇಳಿರಲಿಕ್ಕಿಲ್ಲ. ಯಾರನ್ನೂ ನಂಬಬಾರದೆಂದು ನಾನು ಕಲಿತ ಪಾಠವನ್ನು ಇನ್ನೊಬ್ಬರ ಬಾಯಿಂದ ಕೇಳಿ, ನಂಬಿ, ನನ್ನದೇ ಕಾಲಿಗೆ ಮುಳ್ಳು ಚುಚ್ಚಿಕೊಂಡಿದ್ದೆ. ಅಥವಾ ಅಕ್ಕನ ನೆನಪೇ ತಪ್ಪಿರಬಹುದು. ಅದನ್ನೂ ಹೇಳಲಾರೆ.

"ಮಾಮಾ," ಎಂದಳು ಮಗಳು. "ನೋಡಲಾರದ್ದನ್ನ ಇಷ್ಟ ಛಂದ ಹೇಳತಿ. ಇವತ್ತ ನೋಡಿದ್ದನ್ನರೆ ಬರೋಬ್ಬರಿ ಹೇಳು."

ಹೇಳಿದೆ. ಚಹದಂಗಡಿ, ಗಿರಣಿ, ಎತ್ತಿನ ತಾಯಿ. ಅಕ್ಕ ತಡೆದುಕೊಳ್ಳಲು ನೋಡಿ ನಕ್ಕುಬಿಟ್ಟಳು. "ಇಸ್ತ್ರಿ ಅಂಗಿ ಹಾಕ್ಕೊಂಡ ಎತ್ತ ತರಾಕ ಹೋಗಿದ್ದೇನಲೇ?" ಎಂದು ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. ಹಾವು ಕಡಿದ ಮಾತಿಗೆ ಬಂದಾಗ ನಗು ನಿಂತಿತು. ಉಳಿದ ಎತ್ತು ಮೇವು ತಿನ್ನುತ್ತದೇನೆಂದು ಅವನು ಕೇಳಿದ್ದನ್ನು ಹೇಳಿದಾಗ ಭಾವ ಹೌದೆನ್ನುವಂತೆ ತಲೆಯಾಡಿಸಿದರು.

ಅದೇ ಹೊತ್ತಿಗೆ ನನ್ನ ಫೋನು ರಿಂಗಾಯಿತು. ಗುರುತಿಲ್ಲದ ನಂಬರು. ಯಾರೆಂದು ನನಗೆ ಗೊತ್ತಾಯಿತು, ಮಗಳಿಗೂ. ಅವಳೇ ಎದ್ದು ಬಂದು ಸ್ಪೀಕರ್ ಒತ್ತಿದಳು.

"ಕಾಕಾ, ಶರಣ್ರೀ. ಮುಟ್ಟಿದ್ರೇನ್ರಿ ಊರ? ಒಂದ ಜೋಡಿ ಸಿಕ್ಕಾವ್ರಿ. ಹಲ್ಲ ನೋಡೇನಿ, ಗಳೇಕ್ಕ ಹೂಡಿನೂ ನೋಡೇನಿ. ನಾಳಿ ಬರ್ರಿ, ಯಾರರೆ ಬಂದ ಹೊಡಕೊಂಡ ಹೋಗೂದ್ರಾಗ."

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಖರೇ ಹೇಳು," ಎಂದು ತುಟಿಯಲ್ಲೇ ಅಂದಳು.

"ತಮ್ಮಾ," ಎಂದೆ. "ನನಗ ಎತ್ತ ಬೇಕಾಗಿಲ್ಲ. ನಾ ಖಜೂರಿಯವನೂ ಅಲ್ಲ. ಜೇವರ್ಗಿಗಿ ನಿಮ್ಮ ಕಡಿಂದ ಮಾತು ಹೋಗ್ಯಾದಲ್ಲ, ಆ ಹುಡುಗಿ ಸ್ವಾದರಮಾವ ನಾ. ಚೌಕಾಶಿಗಿ ಬಂದಿದ್ದೆ."

ಆ ಕಡೆ ಎಮ್ಮೆಯೊಂದು ಕೂಗಿತು.

"ಅವ್ವ ಅಂದಿದ್ಲರಿ," ಎಂದ ನಿಧಾನವಾಗಿ. "ಎತ್ತಿಗಿ ಅಂಜೂ ಮನಷ್ಯಾ ಎತ್ತ ತಗೊತಾನೇನು ಅಂತ. ನಾ ಆಕಿಗಿ ಜಗಳಾಡಿದ್ನಿ, ಅಷ್ಟ ದೂರಿಂದ ಬಂದಾರ, ಸುಳ್ಳ ಯಾಕ ಹೇಳತಾರ ಅಂತ."

"ತಪ್ಪಾತು," ಎಂದೆ.

"ಹಂಗಾದ್ರ ಹಾವ ಕಡದದ್ದೂ ಸುಳ್ಳೇನ್ರಿ?"

"ಅದೂ ಸುಳ್ಳು."

"ಎತ್ತ ಸತ್ತಿಲ್ಲ?"

"ಎತ್ತೇ ಇಲ್ಲಪಾ."

"ಛಲೋ ಆತು ಬಿಡ್ರಿ," ಎಂದ. ದನಿ ಹಗುರಾದದ್ದು ಆ ಅಡುಗೆಮನೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. "ಹಾದಿ ತುಂಬಾ ಅದೇ ವಿಚಾರ ಆಗಿತ್ತರಿ ನನಗ. ಫೋನ ಇಡಲೇನ್ರಿ? ಜೋಡಿ ಬ್ಯಾಡ ಅಂತ ಅವರಿಗಿ ಹೇಳಬೇಕು, ಕಾಯಾಕತ್ತಾರ."

ಫೋನು ಸುಮ್ಮನಾಯಿತು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತ್ತು. ಅಕ್ಕ ಅದನ್ನು ತೆಗೆದು ಬದಿಗಿಟ್ಟಳು. ಇನ್ನೊಂದು ಹಾಕಲಿಲ್ಲ.

"ಸಿಟ್ಟರೆ ಮಾಡಬೇಕಿಲ್ಲೇನು ಅವ," ಎಂದಳು ಕೊನೆಗೆ, ಯಾರಿಗೆ ಅಂತಲ್ಲ. ಆಮೇಲೆ ಗಂಡನ ಕಡೆ ನೋಡಿದಳು, ಬಹಳ ಹೊತ್ತು. ಭಾವ ಅಂಜಿ ಕಾಲು ಮಡಚಿಕೊಂಡರು. "ನಿಮ್ಮಂಥವ ಇನ್ನೊಬ್ಬ ಇರಂಗಿಲ್ಲ ಅಂತ ತಿಳದಿದ್ನಿ."

"ಅವಂಗ ಅಣ್ಣತಮ್ಮ ಅದಾರೇನು?" ಎಂದು ನನ್ನನ್ನು ಕೇಳಿದಳು.

"ಒಬ್ಬ ತಮ್ಮ ಅದಾನ."

"ಬರ್ರಿ ಅಂತ ಹೇಳು ಅವರಿಗಿ, ಹೆಣ್ಣ ನೋಡಾಕ. ಖರೇ, ಆ ಮನ್ಯಾಗ ವಾಟ್ನಿ ಆಗೋ ದಿನ ನಾ ಹೋಗಿ ನಿಂದರತೇನಿ. ಹಗ್ಗ ನಾನೇ ಹಿಡಿತೇನಿ. ಕಲ್ಲ ನಾನೇ ಹಾಕಸ್ತೇನಿ. ಇದನ್ನ ಮೊದಲೇ ಹೇಳಿರು."

ಮಗಳು ನನ್ನ ಹತ್ತಿರ ಬಂದಳು. "ನನ್ನ ಮಾತು? ನಾ ಹೇಳಿದ್ದನ್ನ ನಂಬತಾನ?"

ಹೌದು ಎನ್ನಬಹುದಿತ್ತು. ನನ್ನಂಥವನನ್ನು ನಂಬಿದವನು ಅವಳನ್ನು ನಂಬದಿರುತ್ತಾನೆಯೇ? ಆದರೆ ಮಾವನ ಎತ್ತನ್ನು ನಂಬಿದವನು ಹೆಂಡತಿಯ ಬಸ್ಸನ್ನೂ ನಂಬುತ್ತಾನೆ ಎಂದು ಯಾವ ಆಧಾರದ ಮೇಲೆ ಹೇಳಲಿ? ಫೋನನ್ನು ಅವಳ ಕೈಗಿಟ್ಟೆ.

"ನೀನೇ ಕೇಳು."

"ಹೆಣ್ಣ ನೋಡೂ ಮೊದಲೇ ಮಾತಾ?" ಎಂದಳು ಅಕ್ಕ.

"ಮಾತಾಡ್ಲಿ ಬಿಡು," ಎಂದರು ಭಾವ.

ಅವಳು ಅಂಗಳಕ್ಕೆ ಹೋದಳು. ನಾನು ಬಾಗಿಲವರೆಗೆ ಹೋದೆ, ಏನೂ ಕೇಳಿಸಲಿಲ್ಲ, ತಿರುಗಿ ಬಂದೆ. ಮತ್ತೆ ಹೋದೆ. ಕತ್ತಲಲ್ಲಿ ಫೋನಿನ ಬೆಳಕು ತುಳಸಿಕಟ್ಟೆಯ ಆ ಕಡೆ ಈ ಕಡೆ ಓಡಾಡುತ್ತಿತ್ತು. ಬಹಳ ಹೊತ್ತು ಅವಳು ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ಅವಳೇ ಏನೋ ಹೇಳಿದಳು. ಕೋಳಿ ಎಂಬ ಮಾತೊಂದು ಕಿವಿಗೆ ಬಿತ್ತು. ಆಮೇಲೆ ನಕ್ಕಳು. ಯಾರು ಏನಂದದ್ದಕ್ಕೆ ನಕ್ಕಳೋ? ಇನ್ನೊಂದು ಹೆಜ್ಜೆ ಮುಂದಿಟ್ಟು ಕಿವಿಗೊಟ್ಟೆ.

"ಒಂದ ಕಡೆ ಕೂಡ್ರಲೇ," ಎಂದಳು ಅಕ್ಕ ಹಿಂದಿನಿಂದ. "ರೊಟ್ಟಿ ಆರಾಕತ್ತಾವ."